ಕರೆದರೆ ಬರುವ ಬಸ್ಸು

ಹಾಸನ ಜಿಲ್ಲೆಯಲ್ಲಿ ಬಸ್ಸುಗಳಿಗೆ ಬಹುವಚನ ಕೊಟ್ಟು ಮಾತಾಡುವ ಮನುಷ್ಯ ಒಬ್ಬರೇ ಒಬ್ಬರಿದ್ದಾರೆ, ಅವರು ನಮ್ಮ ಸೋದರಮಾವ. "ಅರಕಲಗೂಡ್ನೋರು ಬಂದ್ರಾ?" ಎಂದು ಅವರು ಜಗಲಿಯಿಂದ ಕೇಳಿದರೆ, ಯಾರೋ ಬೀಗರು ಬರುವವರಿದ್ದಾರೆ ಎಂದು ನೀವು ಕಾಫಿಗೆ ನೀರಿಟ್ಟೀರಿ, ಜೋಕೆ! ಅವರು ವಿಚಾರಿಸುತ್ತಿರುವುದು ಬಸ್ಸನ್ನು. ಮನುಷ್ಯರಿಗೂ ಇಷ್ಟೇ ಮರ್ಯಾದೆ ಕೊಡುತ್ತಾರೆಯೇ ಎಂದು ಮಾತ್ರ ಕೇಳಬೇಡಿ. ನಮ್ಮ ಅತ್ತೆಗೆ ಬೇಜಾರಾಗುತ್ತದೆ.

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಮಾವ ಕಂಟ್ರೋಲರ್ ಆಗಿದ್ದರು. ಸಣ್ಣ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಕೂಗಿದ್ದರಲ್ಲಿ ನೂರಕ್ಕೊಂದು ಪಾಲು ಕೂಡ ತನ್ನ ಹೆಸರು ಕೂಗಿಲ್ಲ ಎನ್ನುವುದು ಅತ್ತೆಯ ಹಳೆಯ ದೂರು. ನಿವೃತ್ತಿಯಾದ ದಿನ ಮೈಕು ಅಲ್ಲೇ ಉಳಿಯಿತು, ಆದರೆ ಮಾವನ ಫೋನ್ ನಂಬರ್ ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳ ಗೋಡೆಗಳ ಮೇಲೆಲ್ಲ ಇದ್ದಿಲಿನಲ್ಲಿ ಬರೆಯಿಸಿಕೊಂಡುಬಿಟ್ಟಿತ್ತು. ಜನ ನಿಲ್ದಾಣಕ್ಕೆ ಹೋಗಿ ಕೇಳುವುದಿಲ್ಲ, ಬೋರ್ಡು ಓದುವುದಿಲ್ಲ, ಮಾವನಿಗೆ ಫೋನ್ ಮಾಡುತ್ತಾರೆ.

"ಸಾ, ಚನ್ರಾಯಪಟ್ಣದ್ದು ಓಯ್ತಾ?"

ಮಾವ ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದರೆ ಒಳಗೆ ರಸ್ತೆಗಳೆಲ್ಲ ಹಾಸಿಕೊಂಡು ಕಾಣುತ್ತಿದ್ದವಂತೆ. ಆಮೇಲೆ ಅದೇ ಹಳೆಯ ಮೈಕಿನ ಧ್ವನಿ: "ಇನ್ನೂ ಇಲ್ಲ ಕಣಪ್ಪ. ಈಗ ಹರದನಹಳ್ಳಿ ಹತ್ರ ಅವ್ರೆ. ಡ್ರೈವರ್ರು ಟೀ ಕುಡೀತಾವ್ನೆ. ನೀನು ನಿದಾನುಕ್ಕೆ ತಲೆ ಬಾಚ್ಕೊಂಡು ಬಾ." ಬಸ್ಸು ನಿಜಕ್ಕೂ ಅಲ್ಲೇ ಇರುತ್ತಿತ್ತು! ಡ್ರೈವರು ನಿಜಕ್ಕೂ ಟೀ ಕುಡಿಯುತ್ತಿರುತ್ತಿದ್ದ! ಇದು ಹೇಗೆ ಸಾಧ್ಯ ಎಂದು ನಾನು ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಮಾವ ಕಣ್ಣು ಮುಚ್ಚಿದ್ದಾಗ ಮೆಲ್ಲಗೆ ಹತ್ತಿರ ಹೋಗಿ, ರೆಪ್ಪೆಯ ಸಂದಿಯಲ್ಲಿ ಏನಾದರೂ ಓಡಾಡುತ್ತಿದೆಯೇ ಎಂದು ಇಣುಕಿ ನೋಡಿದ್ದೂ ಉಂಟು.

ಒಮ್ಮೆ ನಾನು, "ಹಾಸನಕ್ಕೆ ರೈಲೂ ಇದೆಯಲ್ಲ ಮಾವ" ಎಂದು ಬಾಯಿ ಜಾರಿದೆ. ಮಾವ ನನ್ನನ್ನು ಕನಿಕರದಿಂದ ನೋಡಿದರು. "ಅದು ಹಳಿ ಬುಟ್ಟು ಎಲ್ಲಿಗ್ ಓಯ್ತದಮ್ಮಿ? ಅದ್ನ ಕಾಯೋದೂ ಒಂದು ಕೆಲ್ಸವಾ?" ಎಂದರು. ಅಲ್ಲಿಗೆ ರೈಲ್ವೆ ಇಲಾಖೆಯ ವಿಚಾರ ಮುಗಿಯಿತು.

ನಾನು ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪೈಥಾನ್ ಕಲಿಸುವವಳು. ಪೈಥಾನ್ ಎಂದರೆ ಯಂತ್ರಕ್ಕೆ ಕೆಲಸ ಹೇಳುವ ಒಂದು ಭಾಷೆ. ಹೋದ ವರ್ಷ ಒಂದು ಭಾನುವಾರ ಹೊಳೆನರಸೀಪುರಕ್ಕೆ ಹೋದಾಗ ಮಾವ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ, "ನೀನು ಅದೇನೋ ಹಾವಿನ ಹೆಸ್ರುದು ಕಲುಸ್ತೀಯಂತಲ್ಲ, ನಂಗೂ ಕಲ್ಸಮ್ಮಿ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಯಾಕೆ ಮಾವ, ಈ ವಯಸ್ಸಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತೀರಾ?"

ಅವರು ನಗಲಿಲ್ಲ. ನಡೆದದ್ದನ್ನು ಹೇಳಿದರು. ದಂಡಿಗನಹಳ್ಳಿಗೆ ಮಗಳ ಸೀಮಂತಕ್ಕೆ ಹೊರಟಿದ್ದ ಹರದನಹಳ್ಳಿಯ ಹೆಂಗಸೊಬ್ಬಳು ಫೋನ್ ಮಾಡಿದ್ದಳು. ಮಾವ ಕಣ್ಣು ಮುಚ್ಚಿದರು, ಬಸ್ಸು ಕಂಡಿತು, ಹೇಳಿದರು. ಆದರೆ ಕಂಡದ್ದು ನಿಂತುಹೋಗಿ ವರ್ಷಗಳೇ ಆದ ಬಸ್ಸು! ಆಕೆ ಮಡಿಲಕ್ಕಿಯ ಗಂಟು ಹಿಡಿದು ಬಿಸಿಲಲ್ಲಿ ನಿಂತೇ ಇದ್ದಳು. ಸೀಮಂತ ಮುಗಿದೇ ಹೋಯಿತು. ಸಂಜೆ ಮತ್ತೆ ಫೋನ್ ಮಾಡಿದಳು. ಬಯ್ಯಲಿಲ್ಲ.

"ಬಯ್ದಿದ್ರೆ ಸರೋಗ್ತಿತ್ತು ಕಣಮ್ಮಿ. 'ಬಸ್ಸು ಬರ್ನೇ ಇಲ್ಲ ಸಾ, ನಿಮ್ಗೇನಾರ ಹುಷಾರಿಲ್ವಾ?' ಅಂದ್ಲು. ಬಸ್ಸೇ ತಪ್ಪು ಮಾಡ್ಬೋದು, ನಾನ್ ಮಾಡಕಿಲ್ಲ ಅಂತ ಅವ್ಳ ಲೆಕ್ಕ." ಮಾವ ಹೆಬ್ಬೆರಳಿನಿಂದ ಹಣೆಯನ್ನು ಒತ್ತಿಕೊಂಡರು. "ಇಲ್ಲಿರೋದೆಲ್ಲ ಸೋರ್ತಾ ಅದೆ. ಪೂರಾ ಸೋರೋದ್ರೊಳ್ಗೆ ನಿನ್ ಡಬ್ಬುಕ್ಕೆ ತುಂಬ್ಬುಡ್ಬೇಕು."

ವಯಸ್ಸಾದವರೆಲ್ಲ ಹೇಳುವ ಮಾತು ಎಂದುಕೊಂಡೆ. ನಾನೂ ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವವಳು! "ಮರೆವು ಯಾರಿಗಿಲ್ಲ ಮಾವ" ಎಂದು ಹೇಳಿ, ನನ್ನ ಹಳೆಯ ಲ್ಯಾಪ್‌ಟಾಪನ್ನು ಮುಂದಿನ ಭಾನುವಾರ ತಂದುಕೊಟ್ಟೆ.

ಹೀಗೆ ನಮ್ಮ ಪಾಠ ಶುರುವಾಯಿತು. ಊಟವಾದ ಮೇಲಿನ ಹೊತ್ತು. ಹೇಮಾವತಿಯ ಕಡೆಯಿಂದ ಗಾಳಿ ಬಂದು ಜಗಲಿಯಲ್ಲಿ ಒಣಹಾಕಿದ ಪಂಚೆಯನ್ನು ಒಂದು ಸಲ ಉಬ್ಬಿಸಿ, ಒಂದು ಸಲ ಇಳಿಸಿ ಆಡುತ್ತಿತ್ತು. ಅತ್ತೆ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲೋ ದೂರದಲ್ಲಿ ಬಸ್ಸೊಂದು ಗೇರು ಬದಲಿಸಿದರೆ ಮಾವ ಅರೆಗಣ್ಣಿನಲ್ಲೇ, "ಹಾಸನದೋರು" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹೇಳುತ್ತಿದ್ದ ಪಾಠ ನಿದ್ದೆಯೊಳಕ್ಕೆ ಹೋಗುತ್ತಿತ್ತೋ, ಅವರ ನಿದ್ದೆ ಪಾಠದೊಳಕ್ಕೆ ಬರುತ್ತಿತ್ತೋ ನನಗೆ ಈಗಲೂ ತಿಳಿಯದು.

ಮೊದಲ ದಿನವೇ ಜಗಳ. ಉದಾಹರಣೆ ಕೊಡುವಾಗ ನಾನು ಅಭ್ಯಾಸಬಲದಿಂದ ಒಂದು ಬಸ್ಸಿನ ಹೊತ್ತಿಗೆ ಎಕ್ಸ್ ಎಂದೂ ಇನ್ನೊಂದರದಕ್ಕೆ ವೈ ಎಂದೂ ಹೆಸರು ಬರೆದೆ.

"ಇದೇನಿದು?"

"ಹೆಸರು ಮಾವ. ಬಸ್ಸಿನ ಹೊತ್ತನ್ನ ಇದರಲ್ಲಿ ಇಡುತ್ತೇವೆ."

"ಎಕ್ಸ್ ಅಂತ ಬೋರ್ಡ್ ಹಾಕಿದ್ರೆ ಆ ಬಸ್ಸಿಗೆ ಯಾವ ನನ್ ಮಗ ಹತ್ತಾನು?"

ಅರ್ಥವಾಗುವ ಹೆಸರಿಡಿ, ಅರ್ಥವಾಗುವ ಹೆಸರಿಡಿ ಎಂದು ನಮ್ಮ ಕೇಂದ್ರದ ಹುಡುಗರಿಗೆ ವರ್ಷವಿಡೀ ಬಡಿದುಕೊಂಡರೂ ತಲೆಗೆ ಹೋಗದ ಸಂಗತಿ ಈ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಂತಿತ್ತು. ಅವರು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಕೀಬೋರ್ಡನ್ನೆಲ್ಲ ಸುತ್ತಾಡಿ, ಕನ್ನಡದಲ್ಲೇ 'ಅರಕಲಗೂಡು_ಬಸ್ಸುಗಳು' ಎಂದು ಒತ್ತಿದರು. ಇದು ನಡೆಯುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪೈಥಾನ್ ಚಕಾರವೆತ್ತದೆ ಒಪ್ಪಿಕೊಂಡುಬಿಟ್ಟಿತು! ಹೊಳೆನರಸೀಪುರದ ಕಂಟ್ರೋಲರ್ ಎದುರು ಅದರ ಆಟವೂ ನಡೆಯಲಿಲ್ಲ ನೋಡಿ.

ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯುವುದು ಪೈಥಾನಿನ ಕಟ್ಟುನಿಟ್ಟು. ಒಂದು ಸಾಲಿಗೆ ನಾಲ್ಕು ಜಾಗ ಬಿಟ್ಟು, ಅದರ ಜೊತೆಯದಕ್ಕೆ ಮೂರು ಬಿಟ್ಟರೆ ಅದು ಮುಖ ತಿರುಗಿಸಿ ಕೂರುತ್ತದೆ. ಹೊಸಬರಿಗೆಲ್ಲ ಇದು ಕಿರಿಕಿರಿ. ಮಾವನಿಗೆ ಪರಮಾನಂದ! ಪ್ಲಾಟ್‌ಫಾರಂಗೆ ಓರೆಯಾಗಿ ನಿಂತ ಬಸ್ಸುಗಳನ್ನು ಜನ್ಮವಿಡೀ ನೇರ ಮಾಡಿಸಿದವರಲ್ಲವೇ! ತೆರೆಯ ಮೇಲೆ ಬೆರಳಿಟ್ಟು, "ಏಯ್, ವಸಿ ಹಿಂದುಕ್ಕೆ ತಗೋ... ಇನ್ನೊಂಚೂರು... ಹಾ, ಸಾಕ್ ಸಾಕ್!" ಎಂದು ಸಾಲುಗಳನ್ನೇ ಗದರಿಸುತ್ತಿದ್ದರು. ಅತ್ತೆ ಅವರೆಕಾಯಿಯ ಮೊರದಿಂದ ತಲೆಯೆತ್ತಿ, "ಅದೊಂದು ಬಾಕಿ ಇತ್ತು" ಎಂದು ಮತ್ತೆ ತಲೆ ತಗ್ಗಿಸಿದರು.

ಒಂದು ತಿಂಗಳಾದ ಮೇಲೆ ಮಾವ ತಮ್ಮ ಮೊದಲ ಪ್ರೋಗ್ರಾಮನ್ನು ತೋರಿಸಿದರು. ನಾನು ತೆರೆಯನ್ನು ಕೆಳಕ್ಕೆ ಸರಿಸಿದೆ, ಸರಿಸಿದೆ, ಸರಿಸುತ್ತಲೇ ಇದ್ದೆ. ಹಾಸನಕ್ಕೆ ಹೋಗಬೇಕೇ, ಹೊತ್ತು ಇಷ್ಟಾಗಿದೆಯೇ, ಹಾಗಿದ್ದರೆ ಈ ಬಸ್ಸು. ಅರಕಲಗೂಡಿಗೆ ಹೋಗಬೇಕೇ, ಹೊತ್ತು ಅಷ್ಟಾಗಿದೆಯೇ, ಹಾಗಿದ್ದರೆ ಆ ಬಸ್ಸು. ಒಂದೊಂದು ಬಸ್ಸಿಗೂ ಬೇರೆ ಬೇರೆ 'ಇಫ್', ಅಂದರೆ ಬೇರೆ ಬೇರೆ 'ಹಾಗಿದ್ದರೆ'! ಮಧ್ಯಾಹ್ನದ ಆ ಮಂಪರಿನಲ್ಲಿ ನೋಡುತ್ತ ನೋಡುತ್ತ, ಬಸ್ಸುಗಳೆಲ್ಲ ಸಾಲುಗಟ್ಟಿ ನನ್ನ ಮಡಿಲಿನ ಮೇಲೆಯೇ ಸದ್ದಿಲ್ಲದೆ ಹಾದುಹೋಗುತ್ತಿರುವಂತೆ ಅನಿಸಿತು.

"ಮಾವ, ಊರಿಗೊಂದು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಆ ಊರಿನ ಬಸ್ಸುಗಳೆಲ್ಲ ಇರಲಿ. ನಾಲ್ಕು ಸಾಲಲ್ಲಿ ಮುಗಿದುಹೋಗುತ್ತೆ."

"ಎಲ್ರುನ್ನೂ ಒಂದೇ ಚೀಲುಕ್ ತುಂಬುದ್ರೆ ಜಗಳ ಆಡಾಕಿಲ್ವಾ? ಒಬ್ಬೊಬ್ರು ಒಂದೊಂತರ ಕಣಮ್ಮಿ."

ಎರಡು ಭಾನುವಾರ ಈ ವಾದದಲ್ಲೇ ಕಳೆಯಿತು. ಕೊನೆಗೆ ಪಟ್ಟಿಯೇನೋ ಮಾಡಿದರು. ಆದರೆ ಅದರೊಳಗಿನ ಬಸ್ಸನ್ನು ಹುಡುಕುವಾಗ ಯಂತ್ರದ ಪದ್ಧತಿಯಂತೆ ಸೊನ್ನೆಯಿಂದ ಶುರುಮಾಡಿ ಸೊನ್ನೆ, ಒಂದು, ಎರಡು ಎಂದು ಬೆರಳು ಮಡಿಸುತ್ತ ಎಣಿಸಿಕೊಂಡು ಹೋಗುವ ಹಾಗೆ ಬರೆದಿದ್ದರು. ಹೊಸಬರೆಲ್ಲ ಹಾಗೆಯೇ ಬರೆಯುತ್ತಾರೆ. ಒಂದು ಕಡೆ ಎಣಿಕೆ ತಪ್ಪಿ, ಅರಕಲಗೂಡಿನ ಕೊನೆಯ ಬಸ್ಸು ಪಟ್ಟಿಯಿಂದ ಹೊರಗೇ ನಿಂತುಬಿಟ್ಟಿತ್ತು.

"ಎಷ್ಟನೆಯ ಬಸ್ಸು ಅಂತ ಎಣಿಸೋದು ಯಾಕೆ ಮಾವ? ಪೈಥಾನಿನಲ್ಲಿ ಅದು ಬೇಕಾಗಿಯೇ ಇಲ್ಲ. 'ಬಸ್ಸುಗಳಲ್ಲಿ ಒಂದೊಂದೇ ಬಸ್ಸು ಬಾ' ಅಂತ ನೇರವಾಗಿ ಕರೀರಿ. ಅದೇ ಬರುತ್ತೆ."

ಮಾವ ಕನ್ನಡಕ ತೆಗೆದರು. "ಕರದ್ರೆ ಬತ್ತದಾ?"

"ಬರುತ್ತೆ."

"ನಂಬರ್ ಕೇಳಾಕಿಲ್ವಾ?"

"ಇಲ್ಲ."

ಅವರು ಒಂದು ಸಾಲು ಬರೆದು ಓಡಿಸಿದರು. ಬಸ್ಸುಗಳು ಒಂದರ ಹಿಂದೊಂದು ತೆರೆಯ ಮೇಲೆ ಬಂದು ನಿಂತವು. ಎಣಿಕೆಯಿಂದ ಹೊರಗೆ ನಿಂತಿದ್ದ ಅರಕಲಗೂಡಿನ ಕೊನೆಯ ಬಸ್ಸೂ ಬಂತು. ಮಾವನ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಹೇಗೆ ಹೇಳಲಿ? ಅವರು ಎದ್ದು ಜಗಲಿಯ ತುದಿಗೆ ಹೋಗಿ, ಹೊಳೆಯ ಕಡೆ ನೋಡುತ್ತ ನಿಂತರು. "ಮೈಕಿನಲ್ಲಿ ನಾನ್ ಮಾಡ್ತಿದ್ದುದ್ದೂ ಇದೇ ಅಲ್ವೇನಮ್ಮಿ" ಎಂದರು. "ಕರ್ಯೋದು, ಬರೋದು. ಅಷ್ಟೇಯಾ."

ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಒಂದು ಫಂಕ್ಷನ್ ಒಂದೇ ಕೆಲಸ ಮಾಡಬೇಕು ಎಂದು ಹೇಳಿಕೊಟ್ಟೆ. ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಪುಟ್ಟ ಕೆಲಸ. ಹೆಸರು ಹಿಡಿದು ಕರೆದರೆ ಅದಷ್ಟನ್ನು ಮಾಡಿ ಉತ್ತರ ಕೊಡುತ್ತದೆ. ಮಾವ 'ಮುಂದಿನ_ಬಸ್ಸು' ಎಂದು ಒಂದನ್ನು ಬರೆದರು. ಅದು ಬಸ್ಸಿನ ಹೊತ್ತು ಹೇಳುವುದರ ಜೊತೆಗೆ, ಜೇಬುಗಳ್ಳರಿದ್ದಾರೆ ಎಚ್ಚರಿಕೆ ಎನ್ನುತ್ತಿತ್ತು, ತೆಂಗಿನಕಾಯಿ ಮೂಟೆಗಳನ್ನು ಮೇಲೆ ಹಾಕಿ ಎನ್ನುತ್ತಿತ್ತು, ಕಪ್ಪು ಛತ್ರಿ ಬಿಟ್ಟು ಹೋದವರು ಬಂದು ಪಡೆಯಬೇಕು ಎಂದೂ ಕೂಗುತ್ತಿತ್ತು! "ಬಸ್ಸಿಗೂ ಛತ್ರಿಗೂ ಏನು ಸಂಬಂಧ ಮಾವ, ಬೇರೆ ಮಾಡಿ" ಎಂದು ಒಂದೊಂದನ್ನೇ ಬಿಡಿಸಿದೆ. ಬಿಡಿಸಿದಷ್ಟೂ ಚೊಕ್ಕವಾಗುತ್ತ ಬಂತು.

ಬಸ್ಸು ಇಲ್ಲದ ಹೊತ್ತಿನಲ್ಲಿ ಅದು ಏನನ್ನುತ್ತದೆ ಎಂದು ಪರೀಕ್ಷೆ ಮಾಡಲು ಒಂದು ಸಲ ಅರಕಲಗೂಡಿನ ಕೊನೆಯ ಬಸ್ಸು ಹೊರಟ ನಂತರದ ಹೊತ್ತನ್ನು ಒತ್ತಿದೆ. ಬೇರೆ ಯಾರೇ ಬರೆದಿದ್ದರೂ 'ಏನೂ ಇಲ್ಲ' ಎಂದು ಬರುತ್ತಿತ್ತು. ಇಲ್ಲಿ ಬಂದದ್ದು: 'ಇವತ್ತಿಗೆ ಬಸ್ಸಿಲ್ಲ. ಗಾಬರಿ ಬೇಡ. ನಮ್ಮ ಮನೆ ನಿಲ್ದಾಣದ ಹಿಂದೆಯೇ ಇದೆ. ಉಂಡು ಮಲಗಿ ಬೆಳಗ್ಗೆ ಹೋಗುವಿರಂತೆ.'

ಅತ್ತೆಗೆ ಓದಿ ಹೇಳಿದೆ. "ಅಡ್ಗೆ ಮಾಡೋಳು ಯಾರು ಅಂತ ಕೇಳ್ತಾ ಅದು?" ಎಂದರು.

ಕಮೆಂಟುಗಳ ವಿಷಯಕ್ಕೆ ಮಾತ್ರ ನಾನೂ ಮಾವನೂ ಕಡೆಯವರೆಗೆ ಒಪ್ಪಲಿಲ್ಲ. ಕಮೆಂಟ್ ಎಂದರೆ ಯಂತ್ರ ಓದದ, ಮನುಷ್ಯರಿಗಾಗಿ ಮಾತ್ರ ಪಕ್ಕದಲ್ಲಿ ಬರೆದಿಡುವ ಟಿಪ್ಪಣಿ. ಮಾವನ ಪ್ರೋಗ್ರಾಮಿನಲ್ಲಿ ಕೆಲಸದ ಸಾಲು ಒಂದಾದರೆ ಟಿಪ್ಪಣಿ ಹತ್ತು. 'ಈ ಬಸ್ಸು ದಂಡಿಗನಹಳ್ಳಿಯಲ್ಲಿ ಅರಳಿಮರದ ಹತ್ತಿರ ನಿಲ್ಲುತ್ತದೆ, ಬೋರ್ಡಿನ ಹತ್ತಿರ ಅಲ್ಲ.' 'ಸೋಮವಾರ ಇವರು ತಡ.' 'ಹರದನಹಳ್ಳಿಯಲ್ಲಿ ಟೀ ಇದೆ, ಸಮಯಕ್ಕೆ ಸೇರಿಸಿಕೊಂಡಿದ್ದೇನೆ.' 'ಚನ್ನರಾಯಪಟ್ಟಣದ ಹೆದ್ದಾರಿ ಬಸ್ಸು ಊರೊಳಗೆ ಬರುವುದಿಲ್ಲ, ವಯಸ್ಸಾದವರಿಗೆ ಹೇಳಬೇಡ.' ಮೊದಲ ಸಲ ಕೇಳುವ ಮಗುವಿಗೆ ಹೇಳಿದಂತೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಬರೆದಿದ್ದರು.

"ಇಷ್ಟೊಂದು ಬೇಡ ಮಾವ. ನಿಮಗೆ ಗೊತ್ತಿರೋದನ್ನೆಲ್ಲ ಯಾಕೆ ಬರೆಯುತ್ತೀರಿ?"

"ನೀನೇ ಏಳ್ದಲ್ಲಮ್ಮಿ. ಕೋಡು ಬರ್ಯೋದು ಯಂತ್ರುಕ್ಕಲ್ಲ, ಓದೋ ಮನ್ಸಂಗೆ ಅಂತ."

ಹೌದು, ಹೇಳಿದ್ದೆ. ಕೋಡು ಎಂದರೆ ಪ್ರೋಗ್ರಾಮಿನ ಸಾಲುಗಳು. ಪ್ರತಿ ತರಗತಿಯಲ್ಲೂ ಹೇಳುವ ಮಾತು ಅದು. ಹುಡುಗರು ನಗಲಿ ಎಂದು ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಮಾವನಿಗೂ ಸೇರಿಸಿದ್ದೆ: "ಆರು ತಿಂಗಳು ಬಿಟ್ಟು ನಿಮ್ಮ ಕೋಡನ್ನ ನೀವೇ ಓದಿದರೆ, ಯಾರೋ ಅಪರಿಚಿತರು ಬರೆದ ಹಾಗಿರುತ್ತೆ. ಆ ಅಪರಿಚಿತನಿಗೆ ಅರ್ಥವಾಗೋ ಹಾಗೆ ಈಗಲೇ ಬರೆದಿಡಿ."

ಹುಡುಗರು ನಗುತ್ತಾರೆ. ಮಾವ ನಕ್ಕಿರಲಿಲ್ಲ. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ್ದರು. ಯಾಕೆ ನೋಡಿದರು ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲವಲ್ಲ! ಪಾಠ ಹೇಳುವವಳ ಬುದ್ಧಿ ಎಷ್ಟರಮಟ್ಟಿಗಿನದು ನೋಡಿ.

ಇಷ್ಟಾದರೂ ನಾನು ಒಂದು ದಿನವೂ 'ಚೆನ್ನಾಗಿದೆ' ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಕಲಿಯುವುದನ್ನು ನಿಲ್ಲಿಸಿಬಿಟ್ಟಾರು ಎಂಬ ಮೇಷ್ಟರ ಬಿಗುಮಾನ. ಭಾನುವಾರ ಭಾನುವಾರವೂ ಮಾವ, "ಈಗ?" ಎನ್ನುತ್ತಿದ್ದರು. ನಾನು, "ಇನ್ನೊಂಚೂರು ಚೊಕ್ಕ ಆಗಬೇಕು ಮಾವ" ಎನ್ನುತ್ತಿದ್ದೆ. ಅವರು ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದರು. ಇದನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಒಂದು ಭಾನುವಾರ ಹೊರಡುವಾಗ, ಚಪ್ಪಲಿ ಮೆಟ್ಟುತ್ತ, ಅಭ್ಯಾಸದಂತೆ ಕೇಳಿದೆ. "ಮಾವ, ಹಾಸನದವರು ಎಲ್ಲಿದ್ದಾರೆ?"

ಮಾವ ಕಣ್ಣು ಮುಚ್ಚಿದರು. ನಾನು ಕಾದೆ. ಪಂಚೆ ಗಾಳಿಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ರೆಪ್ಪೆಯ ಹಿಂದೆ ಕಣ್ಣುಗಳು ಅತ್ತ ಇತ್ತ ಹುಡುಕಾಡುವುದು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಇಣುಕಿ ನೋಡಿದ್ದ ಅದೇ ರೆಪ್ಪೆಗಳು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, ನನ್ನನ್ನು ನೋಡಿ ಒಂದು ಥರಾ ನಕ್ಕು, ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದರು. "ಕಾಲು ಗಂಟೆ ಅದೆ. ನಿದಾನುಕ್ಕೆ ಓಗು" ಎಂದು ಒಳಗಿನಿಂದ ಕೇಳಿಸಿತು. ಬಸ್ಸು ಸರಿಯಾಗಿ ಕಾಲು ಗಂಟೆಗೇ ಬಂತು. ಕಿಟಕಿಯ ಪಕ್ಕದಲ್ಲಿ ಕೂತ ನನಗೆ ಹಾಸನ ಬಂದದ್ದೇ ತಿಳಿಯಲಿಲ್ಲ.

ಆಮೇಲೆ ಪರೀಕ್ಷೆಗಳ ಗಡಿಬಿಡಿಯಲ್ಲಿ ನಾನು ಕೆಲವು ತಿಂಗಳು ಹೋಗಲಾಗಲಿಲ್ಲ. ಹೋದಾಗ ಅವರೆಕಾಯಿಯ ಕಾಲ ಮುಗಿದು ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಮಾವ ಜಗಲಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು, ಯಾವುದೋ ಒಳ್ಳೆಯ ಕಾದಂಬರಿ ಓದುವವರಂತೆ ತಲೆದೂಗುತ್ತಿದ್ದರು. ನನ್ನನ್ನು ಕಂಡವರೇ ಕೈಬೀಸಿ ಕರೆದರು.

"ಬಾಮ್ಮಿ, ಬಾ. ಇಲ್ ನೋಡು. ಯಾರೋ ಪುಣ್ಯಾತ್ಮ ಬರ್ದವ್ನೆ. ಎಷ್ಟ್ ಚೊಕ್ಕವಾಗ್ ಬರ್ದವ್ನೆ ಅಂತೀಯ! ಬಸ್ ಕರದ್ರೆ ಬತ್ತದೆ. ಸಾಲು ನೋಡು, ಒಂದಾದ್ರೂ ಓರೆ ಇಲ್ಲ. ನನ್ನಂತೋನ್ಗೂ ಅರ್ಥ ಆಯ್ತದೆ. ಯಾರ್ ಬರ್ದಿದ್ದು, ನಿಂಗೇನಾರ ಗೊತ್ತಾ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಹುಣಸೆಯ ಕಡೆ ನೋಡುತ್ತಿದ್ದರು. ಅವರ ಕೈ ನಿಂತಿತ್ತು.

ಮಾವನ ಪಕ್ಕದಲ್ಲಿ ಕೂತೆ. ತೆರೆಯನ್ನು ಮೇಲಕ್ಕೆ ಸರಿಸಿದೆ. ನಾನು ಬೇಡವೆಂದಿದ್ದ ಟಿಪ್ಪಣಿ ಒಂದೂ ಅಳಿಸಿರಲಿಲ್ಲ. ಎಲ್ಲಕ್ಕಿಂತ ಮೇಲೆ, ನಾನು ಹಿಂದೆ ಕಂಡಿರದ ಹೊಸದೊಂದು ಸಾಲಿತ್ತು: 'ಓದುವವನೇ, ನಿನಗೆ ಇದೇನೆಂದು ಗೊತ್ತಾಗದಿದ್ದರೆ ಹೆದರಬೇಡ. ಫೋನ್ ಬಂದರೆ ಊರಿನ ಹೆಸರು ಒತ್ತು. ಬಂದದ್ದನ್ನು ಹಾಗೆಯೇ ಓದಿ ಹೇಳು. ಯಾರನ್ನೂ ಬಿಸಿಲಲ್ಲಿ ನಿಲ್ಲಿಸಬೇಡ.'

ಇಷ್ಟು ದಿನ ಬಿಗಿಹಿಡಿದಿದ್ದ ಮಾತನ್ನು ಆಗ ಹೇಳಿದೆ. "ಚೆನ್ನಾಗಿದೆ ಮಾವ. ತುಂಬಾ ಚೆನ್ನಾಗಿ ಬರೆದಿದ್ದಾರೆ. ಇದಕ್ಕಿಂತ ಚೊಕ್ಕವಾಗಿ ಬರೆಯೋಕೆ ನನಗೂ ಬರಲ್ಲ."

"ನಾನ್ ಏಳ್ನಿಲ್ವಾ!" ಎಂದು ಮಾವ ಹಿಗ್ಗಿದರು.

ಅಷ್ಟರಲ್ಲಿ ಫೋನ್ ಬಂತು. ಮಾವ ಎತ್ತಿದರು. ಪಕ್ಕದಲ್ಲಿದ್ದ ನನಗೂ ಆ ಕಡೆಯ ಧ್ವನಿ ಕೇಳುತ್ತಿತ್ತು. ಅದೇ ಹರದನಹಳ್ಳಿಯ ಹೆಂಗಸು. ಮಗಳಿಗೆ ಗಂಡು ಮಗುವಾಗಿದೆಯಂತೆ, ಇವತ್ತು ನಾಮಕರಣವಂತೆ, ದಂಡಿಗನಹಳ್ಳಿಗೆ ಹೋಗಬೇಕಂತೆ. ಮಾವ ಕಣ್ಣು ಮುಚ್ಚಲಿಲ್ಲ. ಒಂದು ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಊರಿನ ಹೆಸರು ಒತ್ತಿದರು. ತೆರೆಯ ಮೇಲೆ ಸಾಲು ಮೂಡಿತು. ಮಾವ ಗಂಟಲು ಸರಿಮಾಡಿಕೊಂಡು, ಕಿಟಕಿಯ ಹಿಂದೆ ಮೈಕು ಹಿಡಿದು ಕೂತವರ ಧ್ವನಿಯಲ್ಲಿ ಓದಿ ಹೇಳಿದರು. ಅರಳಿಮರದ ಹತ್ತಿರ ಇಳಿಯಬೇಕು, ಬೋರ್ಡಿನ ಹತ್ತಿರ ಅಲ್ಲ ಎಂಬ ಟಿಪ್ಪಣಿಯನ್ನೂ ಹುಡುಕಿ ಓದಿದರು, ಬಿಡಲಿಲ್ಲ.

"ಸಾ, ಹುಷಾರಾಗಿದ್ದೀರಾ?" ಎಂದು ಆಕೆ ಕೇಳಿದಳು.

"ನಂಗೇನಾಗದೆ, ಚೆನ್ನಾಗಿವ್ನಿ ಕಣವ್ವ" ಎಂದರು ಮಾವ, ತೆರೆಯ ಕಡೆ ಬಲು ಗೌರವದಿಂದ ನೋಡುತ್ತ. "ಇಲ್ಲೊಬ್ರು ಅವ್ರೆ. ನಂಗೇ ಅಂತ ಎಲ್ಲಾನೂ ಬರ್ದಿಟ್ಟವ್ರೆ."